ಹಳಿಗೆ ಬಂದ ಮಾತು

ರೈಲಿನ ಕಥೆ ಹೇಳುವವರೆಲ್ಲ ಎಂಜಿನ್ನಿನ ಕಥೆಯನ್ನೇ ಹೇಳುತ್ತಾರೆ. ಜಾರ್ಜ್ ಸ್ಟೀಫನ್‌ಸನ್, ಅವನ ‘ರಾಕೆಟ್’, ಹೊಗೆ, ಶಿಳ್ಳೆ. ನಮ್ಮವರೂ ಎಂಜಿನ್ ನೋಡಿಯೇ ಉಗಿಬಂಡಿ, ಹೊಗೆಬಂಡಿ ಎಂದು ಹೆಸರಿಟ್ಟರು. ಆ ಹೆಸರುಗಳು ಈಗ ಹಳೆಯ ಪುಸ್ತಕಗಳಲ್ಲಿವೆ. ಬಾಯಲ್ಲಿ ಉಳಿದದ್ದು ಕೆಳಗೆ ಬಿದ್ದುಕೊಂಡಿದ್ದ ಹಳಿ. ಮಾತುಕತೆ ಹಳಿ ತಪ್ಪುತ್ತದೆ, ಸಂಸಾರ ಹಳಿಗೆ ಬರುತ್ತದೆ. ಕೊರೊನಾ ಇಳಿದ ಮೇಲೆ ನಮ್ಮ ಪತ್ರಿಕೆಗಳಲ್ಲಿ ಜನಜೀವನ ತಿಂಗಳುಗಟ್ಟಲೆ ‘ಮರಳಿ ಹಳಿಗೆ’ ಬರುತ್ತಲೇ ಇತ್ತು.

ಈ ಆಯ್ಕೆಯಲ್ಲಿ ಭಾಷೆಯದೇ ಸರಿ ಅಂತ ನನ್ನ ವಾದ. ಹಳಿ ಎಂಜಿನ್ನಿಗಿಂತ ಹಿರಿಯದು. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ 17ನೇ ಶತಮಾನದಲ್ಲೇ ಕುದುರೆಗಳು ಮರದ ಹಳಿಗಳ ಮೇಲೆ ಬಂಡಿ ಎಳೆಯುತ್ತಿದ್ದವು. ಕೆಸರಿನಲ್ಲಿ ಏದುಸಿರು ಬಿಡುವ ಕುದುರೆ ಹಳಿಯ ಮೇಲೆ ಕೆಸರಿನಲ್ಲಿ ಎಳೆಯುವುದರ ಹಲವು ಪಟ್ಟು ಭಾರವನ್ನು ಸಲೀಸಾಗಿ ಎಳೆಯುತ್ತಿತ್ತು. 1767ರಲ್ಲಿ ಕೋಲ್‌ಬ್ರೂಕ್‌ಡೇಲ್‌ನ ಕಬ್ಬಿಣ ಕಾರ್ಖಾನೆಯವರು ಮರದ ಮೇಲೆ ಎರಕದ ಕಬ್ಬಿಣದ ಪಟ್ಟಿ ಹೊದಿಸಿದರು. 1804ರಲ್ಲಿ ವೇಲ್ಸ್‌ನ ಪೆನಿಡ್ಯಾರನ್‌ನಲ್ಲಿ ರಿಚರ್ಡ್ ಟ್ರೆವಿಥಿಕ್‌ನ ಉಗಿ ಎಂಜಿನ್ 10 ಟನ್ ಕಬ್ಬಿಣವನ್ನೂ 70 ಜನರನ್ನೂ ಎಳೆದುಕೊಂಡು ಓಡಿಯೇ ಬಿಟ್ಟಿತು. ಆದರೆ ಅದರ ಭಾರಕ್ಕೆ ಎರಕದ ಹಳಿಗಳು ಪಟಪಟನೆ ಮುರಿದವು. ಗೆದ್ದ ಎಂಜಿನ್ ಮೂಲೆ ಸೇರಿತು. ಮುರಿಯದ ಮೆದುಕಬ್ಬಿಣವನ್ನು ಉದ್ದಕ್ಕೆ ಲಟ್ಟಿಸಿ ಹಳಿ ಮಾಡುವ ವಿಧಾನಕ್ಕೆ ಜಾನ್ ಬರ್ಕಿನ್‌ಶಾ ಪೇಟೆಂಟ್ ಪಡೆದದ್ದು 1820ರಲ್ಲಿ. ಅದಾದ ಮೇಲೆಯೇ ಸ್ಟೀಫನ್‌ಸನ್‌ನ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲು ಹೊರಟದ್ದು, 1825ರಲ್ಲಿ. ಶಾಲೆಯಲ್ಲಿ ಬರ್ಕಿನ್‌ಶಾನ ಹೆಸರು ಉರುಹೊಡೆದವರು ಯಾರಾದರೂ ಇದ್ದೀರಾ?

ಹಳಿಗಿಂತ ಮುಂಚೆ ನಮ್ಮಲ್ಲಿದ್ದದ್ದು ಜಾಡು. ಗಾಡಿಗಳು ಓಡಾಡಿ ಓಡಾಡಿ ನೆಲದಲ್ಲಿ ತಾನಾಗಿ ಮೂಡಿದ್ದು. ಹಳಿಯ ರೀತಿಯೇ ಬೇರೆ. ಪಾರ್ಲಿಮೆಂಟಿನ ಕಾಯ್ದೆ, ಷೇರುದಾರರ ದುಡ್ಡು, ಸರ್ವೆಯವರ ಸರಪಳಿ ಎಲ್ಲ ಸೇರಿ ಮೊದಲು ಹಳಿ ಬಂದು ಕೂರುತ್ತದೆ, ಊರು ಆಮೇಲೆ. ಸ್ಟಾಕ್ಟನ್ ಹಳಿಯನ್ನು ಕಲ್ಲಿದ್ದಲು ಸಾಗಿಸಲು 1830ರಲ್ಲಿ ನದಿಯ ಕೆಳದಂಡೆಗೆ ಎಳೆದಾಗ ಮಿಡಲ್ಸ್‌ಬರೊ ಎಂಬುದು ನಾಲ್ಕು ಮನೆಗಳ ಕೊಂಪೆ. 1831ರ ಜನಗಣತಿಯಲ್ಲಿ ಅಲ್ಲಿದ್ದವರು 154 ಮಂದಿ. ಹತ್ತೇ ವರ್ಷಕ್ಕೆ 5,000 ದಾಟಿದರು. ಮುಂದೆ ಆ ಊರೇ ಹಳಿ ತಯಾರಿಸಿ ಹಡಗಿಗೇರಿಸತೊಡಗಿತು.

‘ಹಳಿ ತಪ್ಪು’ ಎಂಬ ಮಾತಿನಲ್ಲಿ ಇಷ್ಟು ಗಾಬರಿ ಇರುವುದೂ ಊರು ಹೀಗೆ ಹಳಿಯನ್ನೇ ನೆಚ್ಚಿ ಬೆಳೆದದ್ದರಿಂದಲೇ. ಗಾಡಿ ಜಾಡು ಬಿಟ್ಟರೆ ಹೊಲಕ್ಕಿಳಿಯುತ್ತದೆ, ಗಾಡಿಯವನು ನಾಲ್ಕು ಬೈದು ಎತ್ತು ತಿರುಗಿಸುತ್ತಾನೆ, ಅಲ್ಲಿಗೆ ಮುಗಿಯಿತು. ರೈಲು ಒಂದು ಗೇಣು ಸರಿದರೆ ಜೀವ ಹೋಗುತ್ತದೆ, ಹಿಂದಿನ ಗಾಡಿಗಳೆಲ್ಲ ನಿಲ್ಲುತ್ತವೆ, ಎಲ್ಲೋ ಒಂದು ಗಿರಣಿಗೆ ಹತ್ತಿ ಬರುವುದಿಲ್ಲ. (ಆಮೇಲೆ ನಾವೆಲ್ಲ ಸೇರಿ ರೈಲ್ವೆಯವರನ್ನು ಹಳಿಯುತ್ತೇವೆ. ಕನ್ನಡದ ಚಮತ್ಕಾರ ನೋಡಿ.)

ಹಳ್ಳಿಯ ಕಡೆ ಹಳಿಗೆ ಕಂಬಿ ಅನ್ನುವವರೂ ಬೇಕಾದಷ್ಟಿದ್ದಾರೆ. ಆದರೆ ಕಂಬಿಗೆ ಮೊದಲೇ ಬೇರೆ ನೌಕರಿಗಳಿದ್ದವು. ಜೈಲಿಗೆ ಹೋದವನು ಕಂಬಿ ಎಣಿಸಬೇಕು, ಸಾಲ ಮಾಡಿದವನು ಕಂಬಿ ಕೀಳಬೇಕು. ಹಾಗಾಗಿ ದೇಶದ ಆರ್ಥಿಕತೆಯನ್ನು ಹೊರುವ ಭಾರ ಹಳಿಯ ತಲೆಗೇ ಬಿತ್ತು.

ನಿಜವಾದ ಹಳಿಯನ್ನು ಹತ್ತಿರದಿಂದ ನೋಡುವವನು ಕೀಮ್ಯಾನ್. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರ್, ಬೆಳಗಾದರೆ ತನ್ನ ಪಾಲಿನ ದಾರಿ ನಡೆದು, ಸಡಿಲಾದ ಕ್ಲಿಪ್ಪಿಗೆ ಒಂದು ಏಟು ಕೊಟ್ಟು ಮುಂದೆ ಹೋಗುತ್ತಾನೆ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಅಂತ ಹಿಂದೆ ಹಳಿ ಹಳಿಯ ನಡುವೆ ಸಂದು ಬಿಟ್ಟು ಫಿಶ್‌ಪ್ಲೇಟ್ ಎಂಬ ಜೋಡುಪಟ್ಟಿ ಬಿಗಿಯುತ್ತಿದ್ದರು. ನಾವು ಕೇಳುತ್ತ ನಿದ್ದೆಗೆ ಜಾರುತ್ತಿದ್ದ ಆ ಟಕಟಕ, ಟಕಟಕ ಎಂಬುದು ಚಕ್ರ ಆ ಸಂದು ದಾಟುವ ಸದ್ದು. ಈಗ ಉದ್ದುದ್ದ ಬೆಸುಗೆ ಹಾಕಿದ ಹಳಿ. ಸದ್ದು ಬಹುಪಾಲು ಹೋಗಿದೆ.

ಹೊಸಬರು ‘ಟ್ರ್ಯಾಕ್’ ಅನ್ನುತ್ತಾರೆ. ಸಿನಿಮಾದಲ್ಲಿ ಕಾಮಿಡಿ ಟ್ರ್ಯಾಕ್, ಫೋನಿನಲ್ಲಿ ಪಾರ್ಸೆಲ್ ಟ್ರ್ಯಾಕಿಂಗ್. ಆದರೂ ಸಮ್ಮಿಶ್ರ ಸರ್ಕಾರ ಅಲುಗಾಡಿದ ದಿನ ಸುದ್ದಿಮನೆಯ ಡೆಸ್ಕಿನವರು ತಲೆಬರಹಕ್ಕೆ ತಡಕುವುದು ಹಳಿಯನ್ನೇ.