ಋಣ ಅಗಲಿಸಿದ ಮಕ್ಕಳು: ಕಾಶಿಯ ಒಂದು ಚರಿತ್ರೆ

ಕನ್ನಡಿಗರಿಗೆ ಕಾಶಿಯೆಂದರೆ ವಿಶ್ವನಾಥ, ಗಂಗೆ. ಜೊತೆಗೆ ರಾಘವಾಂಕನ ಹರಿಶ್ಚಂದ್ರಕಾವ್ಯ. ಋಣ ತೀರಿಸಲು ಅರಸನು ಮಡದಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಮಾರುವುದು ಈ ಪಟ್ಟಣದಲ್ಲಿಯೇ. ಆ ಬಾಲಕನ ಪರವಾಗಿ ಮೊರೆಯಿಡಲು ಅಲ್ಲಿ ನ್ಯಾಯಸ್ಥಾನವಿರಲಿಲ್ಲ.

ಋಣವು ಮಕ್ಕಳನ್ನು ಅಗಲಿಸುವುದು ಕಾವ್ಯದೊಂದಿಗೆ ಮುಗಿಯಲಿಲ್ಲ. ರತ್ನಗಂಬಳಿಗೆ ಹೆಸರಾದ ಭದೋಹಿ 1994ರವರೆಗೆ ವಾರಾಣಸಿ ಜಿಲ್ಲೆಯ ಭಾಗವಾಗಿತ್ತು. ಈ ಸೀಮೆಯ ಮಗ್ಗಗಳಿಗೆ ಬಿಹಾರದ ಬಡ ಹಳ್ಳಿಗಳಿಂದಲೂ ಮಕ್ಕಳನ್ನು ತರುತ್ತಿದ್ದರು. ಎಷ್ಟೋ ವೇಳೆ ತಂದೆ ಪಡೆದ ಮುಂಗಡವೇ ಮಗನಿಗೆ ಸಂಕೋಲೆಯಾಗುತ್ತಿತ್ತು. ಬಂಧುವಾ ಮುಕ್ತಿ ಮೋರ್ಚಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ನೀಡಿದ ತೀರ್ಪು ಉತ್ತರ ಪ್ರದೇಶದ ಗಂಬಳಿ ಮಗ್ಗಗಳ ಮಕ್ಕಳನ್ನೇ ಕುರಿತದ್ದು. ಬಡತನವೇ ಮೂಲವೆಂದು ಗುರುತಿಸಿದ ನ್ಯಾಯಾಲಯ, ಅವರ ಶಿಕ್ಷಣ, ಆರೋಗ್ಯ, ಪೌಷ್ಟಿಕ ಆಹಾರಗಳಿಗೆ ವ್ಯವಸ್ಥೆಯಾಗಬೇಕೆಂದಿತು.

2015ರ ಬಾಲನ್ಯಾಯ ಕಾಯಿದೆಯಂತೆ, ರಕ್ಷಿಸಿದ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 15 ದಿನಗಳಲ್ಲಿ ಸಾಮಾಜಿಕ ತನಿಖೆ ಮುಗಿಯಬೇಕು. ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಹೊರಡಬೇಕು. ಬಾಲಮಂದಿರ ಕೊನೆಯ ಆಸರೆ ಮಾತ್ರ. ಆದಷ್ಟು ಬೇಗ ಮನೆಯವರೊಡನೆ ಕೂಡಿಸುವುದೇ ಕಾಯಿದೆಯ ಆಶಯ.

ಆದರೆ ಸಾಲ ಹಾಗೆಯೇ ಉಳಿದ ಮನೆಗೆ ಮರಳಿದ ಮಗು ಮತ್ತೆ ಮಗ್ಗದ ದಾರಿ ಹಿಡಿಯುವುದು ಕಷ್ಟವೇನಲ್ಲ. ಜೀತದ ಸಾಲವನ್ನು 1976ರ ಕಾಯಿದೆ ರದ್ದುಗೊಳಿಸಿದೆ. ಆ ಬಿಡುಗಡೆ ತಂದೆಯ ಕೈಗೂ ತಲುಪಿದಾಗಲೇ ಮಗುವಿನ ಮರಳುವಿಕೆ ಪೂರ್ಣವಾಗುತ್ತದೆ.