ಎಡ ಹೆಗಲ ಹಿಂದಿನ ಹಿಡಿಕೆ: ವಿಮಾನ ಅಪಘಾತಗಳೂ ಅವಸರದ ತೀರ್ಪುಗಳೂ

ಕೈಯಾರೆ ಕಟ್ಟಿದ ವಿಮಾನ ಬಿದ್ದರೆ ಜನ ಹುಡುಕುವ ಅಪರಾಧಿಗಳು ಇಬ್ಬರೇ: ಕಟ್ಟಿದವನು, ಇಲ್ಲವೇ ಹಾರಿಸಿದವನು. 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ತಮ್ಮ ಲಾಂಗ್ ಈಝೀ ವಿಮಾನದೊಂದಿಗೆ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಗೆ ಬಿದ್ದು ಸತ್ತರು. ಕುಡಿದು ಕಾರು ಓಡಿಸಿದ ಹಳೆಯ ಪ್ರಕರಣಗಳು ಅವರ ಮೇಲಿದ್ದುದರಿಂದ ಅನುಮಾನ ಅತ್ತ ಹರಿಯುವುದು ಸುಲಭವಿತ್ತು. ಪರೀಕ್ಷೆಯಲ್ಲಿ ಮದ್ಯದ ಅಂಶವೇ ಸಿಗಲಿಲ್ಲ.

ಸಿಕ್ಕಿದ್ದು ಒಂದು ಹಿಡಿಕೆ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಈ ಹಿಡಿಕೆಯನ್ನು ವಿನ್ಯಾಸಕಾರ ಬರ್ಟ್ ರುಟಾನ್ ತಮ್ಮ ನಕ್ಷೆಯಲ್ಲಿ ಪೈಲಟ್‌ನ ಮುಂದೆಯೇ ತೋರಿಸಿದ್ದರು. ಈ ವಿಮಾನ ಕಟ್ಟಿದವರು ಅದನ್ನು ಆಸನದ ಹಿಂದೆ, ಎಡ ಹೆಗಲ ಬಳಿ ಕೂರಿಸಿದ್ದರು. ಅದರ ಮೇಲೆ ಗುರುತೂ ಇರಲಿಲ್ಲ. ಕೈಗೆಟುಕಲೆಂದು ಹಾರಾಟಕ್ಕೆ ಮುನ್ನ ಇಕ್ಕಳ ಹಿಡಿಸಿ ನೋಡಿದ್ದೂ ಆಯಿತು, ಆದರೂ ಎಟುಕಲಿಲ್ಲ. ಇಂಧನದ ಮಟ್ಟ ನೋಡಲು ತಂತ್ರಜ್ಞರೊಬ್ಬರು ಕನ್ನಡಿ ಕೊಟ್ಟರು. ಇಂಧನ ತುಂಬಿಸಿಕೊಳ್ಳುವುದು ಬೇಡವೆಂದವರು ಡೆನ್ವರ್. ಹಿಡಿಕೆಗಾಗಿ ಮೈ ತಿರುಗಿಸಿದಾಗ ಬಲಗಾಲು ರಡ್ಡರ್ ಪೆಡಲ್ ಒತ್ತಿ, ವಿಮಾನ ಕೈತಪ್ಪಿತೆಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1999ರಲ್ಲಿ ಹೇಳಿತು. ಕಟ್ಟಿದವರ ನಿರ್ಧಾರ, ಹಾರಿಸಿದವರ ಸಿದ್ಧತೆ, ಈ ಬಗೆಯ ವಿಮಾನದಲ್ಲಿ ಸಾಲದ ಅನುಭವ ಎಲ್ಲವೂ ಆ ವರದಿಯಲ್ಲಿವೆ.

ಕಾರ್ಖಾನೆಯ ವಿಮಾನವಾದರೆ ಅದೇ ಮಾದರಿಯ ನೂರಾರು ಒಡನಾಡಿಗಳ ಇತಿಹಾಸ ತನಿಖೆಗೆ ನೆರವಾಗುತ್ತದೆ. ಕೈಯಾರೆ ಕಟ್ಟಿದ ವಿಮಾನಗಳಲ್ಲಿ ಹೆಸರೊಂದೇ ಸಮಾನ, ಒಳಗಿನ ಜೋಡಣೆ ಬೇರೆ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಕ್ಕೂ (ಎನ್‌ಎಎಲ್) ಈ ಲಾಂಗ್ ಈಝೀ ಪರಿಚಿತವೇ. 1980ರ ದಶಕದಲ್ಲಿ ಅದನ್ನೇ ಆಧರಿಸಿ ಎನ್‌ಎಎಲ್ ಹಗುರ ಸಂಶೋಧನಾ ವಿಮಾನವೊಂದನ್ನು ಕಟ್ಟಿತ್ತು. ಅದೇ ಸಂಸ್ಥೆಯ ಸರಸ್ ವಿಮಾನದ ಎರಡನೆಯ ಮೂಲಮಾದರಿ 2009ರ ಮಾರ್ಚ್ 6ರಂದು ಬಿಡದಿ ಬಳಿ ಬಿದ್ದು, ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಆರಿಸಿದ ಎಂಜಿನನ್ನು ಆಕಾಶದಲ್ಲೇ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಸಾಲದ ಎತ್ತರದಲ್ಲಿ ಅನುಸರಿಸಿದ ಆ ಕ್ರಮವೇ ತಪ್ಪಾಗಿತ್ತು, ಪ್ರೊಪೆಲರ್ ತಯಾರಕರನ್ನು ಕೇಳದೆ ಅದನ್ನು ರೂಪಿಸಲಾಗಿತ್ತು ಎಂದಿತು ತನಿಖೆ. ಪೈಲಟ್‌ಗಳ ನಡುವಿನ ಹೊಂದಾಣಿಕೆಯ ಕೊರತೆಯನ್ನೂ ಎತ್ತಿ ತೋರಿಸಿತು. ಸುಟ್ಟ ಲೋಹದ ಮುಂದೆ ನಿಂತ ಯಾವ ವರದಿಗಾರನಿಗೂ ಕಚೇರಿಯಲ್ಲಿ ಬರೆದ ಆ ಕ್ರಮ ಕಾಣುವಂತಿರಲಿಲ್ಲ.

ಹಾಗೆಂದು ಬಾಯಿ ಮುಚ್ಚಿಸುವುದು ಮದ್ದಲ್ಲ. ಅಧಿಕಾರಿಗಳು ಮೌನವಾದಷ್ಟೂ ವದಂತಿ ಕೊಬ್ಬುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧ 30 ದಿನಗಳೊಳಗೆ ಪ್ರಾಥಮಿಕ ವರದಿ ಕೇಳುತ್ತದೆ. ತನಿಖೆಯ ಗುರಿ ತಪ್ಪಿತಸ್ಥರನ್ನು ಹಿಡಿಯುವುದಲ್ಲ, ಮುಂದಿನ ಅಪಘಾತ ತಡೆಯುವುದು ಎಂದೂ ಹೇಳುತ್ತದೆ. ಭಾರತದ ವಿಮಾನ ಅಪಘಾತ ತನಿಖಾ ಮಂಡಳಿ ಆ ಪ್ರಾಥಮಿಕ ವರದಿಯನ್ನು, ಪ್ರಯೋಗದ ಪುಟ್ಟ ವಿಮಾನವೇ ಆಗಿರಲಿ, ಪ್ರತಿ ಬಾರಿಯೂ ಸಾರ್ವಜನಿಕರ ಮುಂದಿಡಬೇಕು; ಅಲ್ಲಿಯವರೆಗೆ ಪತ್ರಿಕೆಗಳು ಎಲ್ಲಿ, ಯಾವಾಗ, ಯಾವ ವಿಮಾನ ಎಂಬಷ್ಟಕ್ಕೆ ನಿಲ್ಲಬೇಕು.