ಘಟ್ಟಕ್ಕೆ ಗಡಿ ಬಂದದ್ದು ಯಾವಾಗ

ಬೆಳಗಾವಿಯಿಂದ ಹೊರಟು ಜಾಂಬೋಟಿ, ಕಣಕುಂಬಿ ದಾಟಿ, ಚೋರ್ಲಾ ಘಾಟಿನಲ್ಲಿ ಇಳಿದು, ಸಾಂಖಳಿ, ಪೊಂಡಾ ಸುತ್ತಿ, ಮೊಲೆಂನಿಂದ ಅನಮೋಡ ಘಾಟ್ ಹತ್ತಿ ಲೋಂಡಾ, ಖಾನಾಪುರದ ಮೇಲೆ ಮರಳಿದರೆ ಎರಡು ಮೂರು ದಿನಗಳ ಒಳ್ಳೆಯ ಬೈಕ್ ಸುತ್ತಾಟ. ಇದನ್ನು ಎರಡು ಬೇರೆ ಲೋಕಗಳ ನಡುವಿನ ಸಾಹಸವೆಂದು ಬಣ್ಣಿಸುವುದು ರೂಢಿ: ಮೇಲೆ ಕರ್ನಾಟಕ, ಕೆಳಗೆ ಪೋರ್ಚುಗೀಸರ ಗೋವಾ, ನಡುವೆ ಸಹ್ಯಾದ್ರಿಯ ಗೋಡೆ. ಚರಿತ್ರೆ ಈ ಬಣ್ಣನೆಯನ್ನು ಒಪ್ಪುವುದಿಲ್ಲ. ಗೋವಾದ ಕದಂಬರ ಒಂದು ಕಾಲು ಕಡಲ ದಂಡೆಯ ಗೋಪಕಪಟ್ಟಣದಲ್ಲಿದ್ದರೆ ಇನ್ನೊಂದು ಖಾನಾಪುರ ಸೀಮೆಯ ಹಲಸಿಯಲ್ಲಿತ್ತು. ಅರಸ ಪೆರ್ಮಾಡಿಯ ರಾಣಿ ಕಮಲಾದೇವಿ 1174ರಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದ್ದು ಘಟ್ಟದ ಮೇಲೆ, ಕಿತ್ತೂರಿನ ಬಳಿಯ ದೇಗಾಂವದಲ್ಲಿ. ಅನಮೋಡ ಘಾಟಿನ ಬುಡದ ಕಾಡಿನಲ್ಲಿರುವ ತಾಂಬ್ಡಿ ಸುರ್ಲಾದ ಮಹಾದೇವ ಗುಡಿಯದು ಗೋವಾದ ಜಂಬಿಟ್ಟಿಗೆಯಲ್ಲ, ಕರಿಕಲ್ಲು. ಅದನ್ನು ಮೇಲಿನಿಂದ ಇಳಿಸಿ ತಂದರೆಂಬ ಮಾತಿದೆ. ಕಲ್ಲು ಎಲ್ಲಿಯದೇ ಇರಲಿ, ಶಿಲ್ಪದ ಕೈಚಳಕವಂತೂ ಮೇಲಿನ ನಾಡಿನದು. ಘಟ್ಟ ಅಂದು ಆ ರಾಜ್ಯದ ಅಂಚಾಗಿರಲಿಲ್ಲ, ನಡುಭಾಗವಾಗಿತ್ತು. (ಗೋವಾ ಸರಕಾರದ ಬಸ್ಸುಗಳ ಮೇಲೆ ಇಂದಿಗೂ ಕದಂಬ ಎಂಬ ಹೆಸರಿದೆ. ಅದನ್ನು ಓದಿಕೊಂಡೇ ಓವರ್‌ಟೇಕ್ ಮಾಡುವ ಸವಾರರಲ್ಲಿ ಹಲಸಿ ನೆನಪಾಗುವುದು ಎಷ್ಟು ಜನರಿಗೋ.)

ಕಡಿದಾದ ಏರು, ತಿಂಗಳುಗಟ್ಟಲೆ ಸುರಿಯುವ ಮಳೆ, ದಟ್ಟ ಕಾಡು ಇವೆಲ್ಲ ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಗೋವಾದ ಸತ್ತರಿ ಸೀಮೆಯ ರಾಣೆ ಮನೆತನದವರು 1852ರಲ್ಲಿ, ಮತ್ತೆ 1895ರಲ್ಲಿ ಪೋರ್ಚುಗೀಸರ ವಿರುದ್ಧ ಎದ್ದಾಗ ಅವರ ಬೆನ್ನಿಗಿದ್ದುದು ಇದೇ ಕಾಡು. ಆದರೆ ಕಾಡು ಅಡ್ಡಿಯಾದದ್ದು ದಾರಿ ಅರಿಯದ ಸಿಪಾಯಿಗಳಿಗೆ, ಅರಿತವರಿಗಲ್ಲ. ಕರಾವಳಿಯ ಉಪ್ಪು, ತೆಂಗನ್ನು ಮೇಲಕ್ಕೂ ಬಯಲಿನ ಕಾಳುಕಡಿಯನ್ನು ಕೆಳಕ್ಕೂ ಸಾಗಿಸುತ್ತಿದ್ದ ಲಮಾಣಿಗರ ಹೇರೆತ್ತುಗಳು ಮಳೆಗಾಲ ಕಳೆದೊಡನೆ ಘಟ್ಟವನ್ನು ಹತ್ತಿ ಇಳಿಯುತ್ತಿದ್ದವು. ಮಳೆ ಅವರ ವ್ಯಾಪಾರಕ್ಕೆ ಕಾಲ ಗೊತ್ತುಮಾಡಿತೇ ಹೊರತು ಅದನ್ನು ನಿಲ್ಲಿಸಲಿಲ್ಲ.

ನಿಲ್ಲಿಸುವ ಶಕ್ತಿಯಿದ್ದದ್ದು ಸುಂಕದ ಕಟ್ಟೆಗೆ. ಇದಕ್ಕೆ ಉಪ್ಪಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬ್ರಿಟಿಷರು ತಮ್ಮ ಸೀಮೆಯಲ್ಲಿ ಉಪ್ಪಿನ ಮೇಲೆ ಭಾರೀ ತೆರಿಗೆ ಹೇರಿದ್ದರು. ಗೋವಾದ ಅಗ್ಗದ ಉಪ್ಪು ಘಟ್ಟ ಹತ್ತಿ ಬಂದರೆ ಆ ವರಮಾನಕ್ಕೆ ತೂತು. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದಲ್ಲಿ ಅವರು ಗೋವಾದ ಉಪ್ಪಿನ ಮೇಲೆ ಹಿಡಿತ ಪಡೆದು, ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಕೊಡಲೊಪ್ಪಿದರು. ಎರಡು ಸೀಮೆಗಳ ನಡುವಿನ ಸುಂಕ ಎದ್ದುಹೋಯಿತು. ಉಪ್ಪಿನಾಗರದವರಿಗೆ ಇದರಿಂದ ಪೆಟ್ಟಾಯಿತು, ನಿಜ. ಆದರೆ ಕಡಲ ದಂಡೆಯ ಮುರಗಾಂವದಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ಗೆ ರೈಲು ಬಂದದ್ದೂ ಇದೇ ಒಪ್ಪಂದದ ಫಲ. ದೂಧಸಾಗರದ ಪಕ್ಕದಲ್ಲಿ 37 ಅಡಿಗೆ ಒಂದು ಅಡಿ ಏರುತ್ತ ಸಾಗುವ ಆ ಹಳಿ 1888ರ ಹೊತ್ತಿಗೆ ಪೂರ್ತಿಯಾಗಿತ್ತು. ಎರಡು ಸರಕಾರಗಳು ಮನಸ್ಸು ಮಾಡಿದಾಗ ಘಟ್ಟ ಹತ್ತು ವರ್ಷದಲ್ಲಿ ಬಗ್ಗಿತು. 1892ರಲ್ಲಿ ಒಪ್ಪಂದ ಮುಗಿದು ಸುಂಕ ಮರಳಿ ಬಂದಾಗ, ಬೆಟ್ಟ ಒಂದಡಿಯೂ ಎತ್ತರ ಬೆಳೆದಿರಲಿಲ್ಲ. ದಾಟುವುದು ಮಾತ್ರ ಮತ್ತೆ ತುಟ್ಟಿಯಾಯಿತು.

ಹಾಗಾದರೆ 1955ರ ದಿಗ್ಬಂಧನ? ಆ ವರ್ಷ ಆಗಸ್ಟ್ 15ರಂದು ಗೋವಾದ ಬಿಡುಗಡೆಗಾಗಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಬಳಿಕ ಭಾರತ ಸಂಪರ್ಕ ಕಡಿದುಕೊಂಡಿತು, ಕ್ಯಾಸಲ್‌ರಾಕಿನ ರೈಲೂ ನಿಂತಿತು. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಪುರಾವೆಯಿಲ್ಲ: ಅರ್ಧ ಶತಮಾನಕ್ಕೂ ಮಿಕ್ಕಿ ಓಡಿದ ರೈಲನ್ನು ಮಳೆಯೂ ಕಲ್ಲೂ ಹೀಗೆ ನಿಲ್ಲಿಸಿರಲಿಲ್ಲ. 1961ರ ಡಿಸೆಂಬರಿನಲ್ಲಿ ಘಟ್ಟ ಸೇನೆಯನ್ನೂ ತಡೆಯಲಿಲ್ಲ: ಭಾರತೀಯ ಸೇನೆಯ 63ನೇ ಬ್ರಿಗೇಡ್ ಪೂರ್ವದಿಂದ ನುಗ್ಗಿ, ಮೊಲೆಂ ಸೇರಿ, ಪೊಂಡಾಕ್ಕೆ ಸಾಗಿತು. ಡಿಸೆಂಬರ್ 19ಕ್ಕೆ ಪೋರ್ಚುಗೀಸ್ ಆಳ್ವಿಕೆ ಮುಗಿಯಿತು.

ವಿಹಾರಕ್ಕೆ ಹೋಗುವವರಿಗೆ ಉಪ್ಪು, ಸುಂಕದ ಗೊಡವೆ ಏಕೆ ಎನ್ನುವವರಿರುತ್ತಾರೆ. ತಿರುವುಗಳ ಸುಖಕ್ಕೆ ಅದು ಬೇಕಿಲ್ಲ, ಒಪ್ಪೋಣ. ಆದರೆ ಮುಂದಿನ ಸಲ ಖಾನಾಪುರ ಮುಟ್ಟಿದಾಗ ಹೆದ್ದಾರಿ ಬಿಟ್ಟು ನಂದಗಡದ ಕಡೆ ತಿರುಗಿ, ಹಲಸಿಯನ್ನೂ ನೋಡಿ ಬನ್ನಿ. ಅದನ್ನು ಬಿಟ್ಟರೆ ಗೋವಾದ ಸುತ್ತು ಅರ್ಧವೇ.